ಅಚ್ಚುಕೂಟದ ಕೊಡಿಗೆಗಳು

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯ ಹೆಸರು ಕನ್ನಡ ಓದುಗರಿಗೆ ಪರಿಚಿತವಾಗಿರುವುದು ಬಹುಮಟ್ಟಿಗೆ ಒಂದೇ ಕಾರಣದಿಂದ. 1904ರ ಡಿಸೆಂಬರ್ 29ರಂದು ಕುವೆಂಪು ಅವರು ಹುಟ್ಟಿದುದು ಅಲ್ಲಿ, ತಾಯಿಯ ತವರಿನಲ್ಲಿ. ಬೆಳೆದುದು ತೀರ್ಥಹಳ್ಳಿ ಸೀಮೆಯ ಕುಪ್ಪಳಿಯಲ್ಲಿ. ಆದರೆ ಆ ಕಡೆಯವನಾದ ನನಗೆ ಈ ಹೆಸರಿನ ಉತ್ತರಾರ್ಧ ಬೇರೊಂದು ಕಾರಣಕ್ಕಾಗಿ ಪ್ರಿಯವಾದುದು. ‘ಕೊಡು’ ಎಂಬ ಧಾತುವಿನಿಂದ ಬಂದ ಕೊಡಗೆ, ಕೊಡಗಿ ಮುಂತಾದ ಮಾತುಗಳು ನಮ್ಮ ಹಳೆಯ ಶಾಸನಗಳಲ್ಲಿ ಹೆಜ್ಜೆಹೆಜ್ಜೆಗೂ ಬರುತ್ತವೆ. ಯುದ್ಧದಲ್ಲಿ ಮಡಿದವನ ಮನೆಯವರಿಗೆ ಬಿಟ್ಟ ಭೂಮಿ ನೆತ್ತರುಕೊಡಗೆ. ಕೆರೆಯನ್ನು ಕಟ್ಟಿದವನಿಗೆ ಅಥವಾ ಅದನ್ನು ನೋಡಿಕೊಳ್ಳುವವನಿಗೆ ಬಿಟ್ಟದ್ದು ಕೆರೆಕೊಡಗೆ. ಊರಿನ ಹೆಸರಿನ ನಿಷ್ಪತ್ತಿಯನ್ನು ತೀರ್ಮಾನಿಸುವುದು ನನ್ನ ಉದ್ದೇಶವಲ್ಲ, ಅದು ಪಂಡಿತರ ಕೆಲಸ. ಕೊಡಿಗೆ ಎಂಬ ಮಾತನ್ನು ಮಾತ್ರ ಸ್ವಲ್ಪ ಹೊತ್ತು ಕಡ ತೆಗೆದುಕೊಂಡು, ಈ ಕಾಲದ ಅಚ್ಚಿನ ಕೆಲಸದಲ್ಲಿ ನಡೆದಿರುವ ಒಂದು ವಿಚಿತ್ರವಾದ ದಾನಪರಂಪರೆಯ ಚರಿತ್ರೆಯನ್ನು ಹೇಳಬೇಕೆಂದಿದ್ದೇನೆ.

ಇಂಗ್ಲಿಷಿನಲ್ಲಿ ಪ್ಯಾಕೇಜು ಎಂದು ಕರೆಯುವ ವಸ್ತುವೇ ಆ ಕೊಡಿಗೆ. ಗಣಕಯಂತ್ರದಲ್ಲಿ ಅಕ್ಷರ ಜೋಡಿಸುವ ತಂತ್ರಾಂಶವನ್ನು ಮನೆಗೆ ತಂದುಕೊಂಡವರೆಲ್ಲ ಒಂದಲ್ಲ ಒಂದು ದಿನ ಈ ಮಾತಿಗೆ ಎಡವುತ್ತಾರೆ. ತಂತ್ರಾಂಶ ಇದ್ದೇ ಇದೆ, ಆದರೂ ‘ಇಂತಹ ಪ್ಯಾಕೇಜು ಸಿಕ್ಕಲಿಲ್ಲ’ ಎಂದು ಯಂತ್ರ ಹಟ ಹಿಡಿಯುತ್ತದೆ. ಹೊಸಬನಿಗೆ ಇದು ಒಗಟು. ಮನೆಯನ್ನು ಕೊಂಡ ಮೇಲೆ ಬಾಗಿಲು ಬೇರೆ, ಕಿಟಕಿ ಬೇರೆ ಎಂದರೆ ಯಾರಿಗೆ ತಾನೆ ಬೇಸರವಾಗದು? ಈ ಒಗಟಿನ ಗಂಟು ಬಿಡಿಸಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಡೊನಾಲ್ಡ್ ಕ್ನೂತ್ ಎಂಬ ಗಣಿತಜ್ಞರು ಗಣಕಶಾಸ್ತ್ರದ ಮೇಲೆ ಹಲವು ಸಂಪುಟಗಳ ದೊಡ್ಡ ಗ್ರಂಥವೊಂದನ್ನು ಬರೆಯುತ್ತಿದ್ದರು. 1977ರಲ್ಲಿ ಎರಡನೆಯ ಸಂಪುಟದ ಹೊಸ ಮುದ್ರಣದ ಕರಡು ಅವರ ಕೈಗೆ ಬಂದಿತು. ಅಷ್ಟು ಹೊತ್ತಿಗೆ ಸೀಸದ ಮೊಳೆ ಹೋಗಿ ಛಾಯಾಮುದ್ರಣದ ಜೋಡಣೆ ಬಂದಿದ್ದುದರಿಂದ, ಅಕ್ಷರಗಳ ರೂಪ ಹಳೆಯ ಮುದ್ರಣದ ಚೆಲುವನ್ನು ಕಳೆದುಕೊಂಡಿತ್ತು. ಇನ್ನೊಬ್ಬರಾಗಿದ್ದರೆ ಪ್ರಕಾಶಕರಿಗೆ ಒಂದು ಖಾರವಾದ ಕಾಗದ ಬರೆದು ಸುಮ್ಮನಾಗುತ್ತಿದ್ದರು. ಇವರು ಗ್ರಂಥವನ್ನು ಬದಿಗಿಟ್ಟು, ಅಕ್ಷರ ಜೋಡಿಸುವ ತಂತ್ರಾಂಶವನ್ನೇ ಬರೆಯಲು ಕುಳಿತರು. ಅದಕ್ಕೆ ಟೆಕ್ ಎಂದು ಹೆಸರು. ಮೊದಲ ರೂಪ 1978ರಲ್ಲಿ ಸಿದ್ಧವಾಯಿತು. 1982ರ ಹೊತ್ತಿಗೆ ಪೂರ್ತಿಯಾಗಿ ಮತ್ತೆ ಬರೆದರು. ಅಕ್ಷರದ ಆಕಾರಗಳನ್ನು ಬರೆಯುವುದಕ್ಕೆ ಮೆಟಾಫಾಂಟ್ ಎಂಬ ಜೊತೆಗಾರ ತಂತ್ರಾಂಶವೂ ಹುಟ್ಟಿತು. ಎರಡನ್ನೂ ಅವರು ಲೋಕಕ್ಕೆ ಉಚಿತವಾಗಿ ಕೊಟ್ಟುಬಿಟ್ಟರು.

ಈ ಟೆಕ್ಕಿನ ಹೊಟ್ಟೆಯೊಳಗೆ ಇರುವ ಮೂಲ ಆಜ್ಞೆಗಳು ಸುಮಾರು 300. ಅವು ಬಡಗಿಯ ಉಳಿ ಗರಗಸಗಳಿದ್ದಂತೆ. ಅವುಗಳಿಂದ ಕುರ್ಚಿಯನ್ನು ಮಾಡಬಹುದು, ಆದರೆ ಅವೇ ಕುರ್ಚಿಯಲ್ಲ. ಆದುದರಿಂದ ಕ್ನೂತರೇ ಆ ಮೂಲ ಆಜ್ಞೆಗಳನ್ನು ಜೋಡಿಸಿ ಸುಮಾರು 600 ಸಿದ್ಧ ಆಜ್ಞೆಗಳನ್ನು ಮಾಡಿ ಮೇಲೆ ಸೇರಿಸಿದರು. ಹೀಗೆ ಹುಟ್ಟಿನಿಂದಲೇ ಟೆಕ್ಕಿಗೆ ಎರಡು ಪದರಗಳು: ಒಳಗಿನ ಯಂತ್ರ, ಹೊರಗಿನ ಸೇರ್ಪಡೆ. ಮುಂದೆ ನಡೆದ ಕಥೆಯೆಲ್ಲ ಈ ಹೊರಪದರದ ಕಥೆಯೇ.

1989ರಲ್ಲಿ ಯೂರೋಪಿನ ಬಳಕೆದಾರರು ಕ್ನೂತರ ಮುಂದೆ ಅಹವಾಲು ತಂದರು. ಟೆಕ್ ಆಗ 128 ಸಂಕೇತಗಳನ್ನು ಮಾತ್ರ ಓದುತ್ತಿತ್ತು. ಇಂಗ್ಲಿಷಿಗೆ ಅದು ಸಾಕು, ಆದರೆ ತಲೆಯ ಮೇಲೆ ಚುಕ್ಕೆ ಗೆರೆಗಳನ್ನು ಹೊತ್ತ ಜರ್ಮನ್, ಫ್ರೆಂಚ್ ಅಕ್ಷರಗಳಿಗೆ ಸಾಲದು. ಕ್ನೂತರು ಒಪ್ಪಿ 256 ಸಂಕೇತಗಳಿಗೆ ಎಡೆ ಮಾಡಿ, 1990ರಲ್ಲಿ ಮೂರನೆಯ ಆವೃತ್ತಿಯನ್ನು ಹೊರತಂದರು. ಅದರೊಂದಿಗೆ ಇನ್ನೊಂದು ಘೋಷಣೆಯನ್ನೂ ಮಾಡಿದರು: ಇನ್ನು ಮುಂದೆ ಟೆಕ್ಕಿಗೆ ಹೊಸ ಗುಣಗಳನ್ನು ಸೇರಿಸುವುದಿಲ್ಲ, ದೋಷಗಳನ್ನು ಮಾತ್ರ ತಿದ್ದಲಾಗುವುದು. ಪ್ರತಿ ತಿದ್ದುಪಡಿಗೂ ಆವೃತ್ತಿಯ ಸಂಖ್ಯೆ ‘ಪೈ’ಯ ಬೆಲೆಗೆ ಒಂದೊಂದು ಅಂಕಿ ಹತ್ತಿರವಾಗುತ್ತದೆ, 2021ರ ತಿದ್ದುಪಡಿಯಲ್ಲಿ ಅದು 3.141592653 ಆಯಿತು. ತಾವು ತೀರಿಕೊಂಡ ದಿನ ಆ ಸಂಖ್ಯೆ ಸಾಕ್ಷಾತ್ ಪೈ ಆಗಬೇಕು, ಉಳಿದ ದೋಷಗಳೆಲ್ಲ ಅಂದಿನಿಂದ ಗುಣಗಳೆನಿಸಬೇಕು ಎಂದು ಅವರು ವಿನೋದವಾಗಿ ಹೇಳಿದ್ದಾರೆ.

ಇದು ವಿನೋದವಾದರೂ ಅದರ ಪರಿಣಾಮ ಗಂಭೀರವಾದುದು. ಮರದ ಕಾಂಡ ಇನ್ನು ಬೆಳೆಯುವುದಿಲ್ಲ ಎಂದಮೇಲೆ, ಬೆಳೆಯುವುದೆಲ್ಲ ಅದರ ಮೇಲೆ ಕಸಿ ಕಟ್ಟಿದ್ದೇ ಆಗಬೇಕಷ್ಟೆ. ಯೂರೋಪಿನ ಭಾಷೆಗಳಿಗೆ ಕಾಂಡದೊಳಗೇ ಕೊನೆಗಳಿಗೆಯಲ್ಲಿ ಜಾಗ ಸಿಕ್ಕಿತು. ಕನ್ನಡಕ್ಕೆ ಸಿಕ್ಕಲಿಲ್ಲ. ನಮ್ಮದೇನಿದ್ದರೂ ಕೊಡಿಗೆಯ ದಾರಿ.

ಆ ದಾರಿ ಹೇಗೆ ಏರ್ಪಟ್ಟಿತೆಂಬುದನ್ನೂ ನೋಡೋಣ. 1980ರ ದಶಕದ ಮೊದಲರ್ಧದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಎಂಬವರು ಟೆಕ್ಕಿನ ಮೇಲೆ ಲಾಟೆಕ್ ಎಂಬ ದೊಡ್ಡ ಸೇರ್ಪಡೆಯನ್ನು ಕಟ್ಟಿದರು. ಅಧ್ಯಾಯ, ಪರಿವಿಡಿ, ಅಡಿಟಿಪ್ಪಣಿ ಎಂದು ಬರೆಯುವವನು ಅರ್ಥವನ್ನು ಹೇಳಿದರೆ ಸಾಕು, ರೂಪವನ್ನು ಅದು ನೋಡಿಕೊಳ್ಳುತ್ತದೆ. ಅದಕ್ಕೆ ಇನ್ನಷ್ಟು ಸೇರಿಸಬೇಕಾದವರು ‘ಸ್ಟೈಲ್’ ಎಂಬ ಕಡತಗಳನ್ನು ಬರೆದರು. ಪುಸ್ತಕವೋ ಪತ್ರವೋ ಎಂದು ನಿರ್ಧರಿಸುವ ಕಡತವೂ ಸ್ಟೈಲ್, ಚಿತ್ರ ಸೇರಿಸುವ ಕಡತವೂ ಸ್ಟೈಲ್, ಗೊಂದಲವಾಯಿತು. 1994ರಲ್ಲಿ ಬಂದ ಲಾಟೆಕ್ಕಿನ ಹೊಸ ರೂಪ ಇವೆರಡನ್ನೂ ಬೇರೆಬೇರೆ ಮಾಡಿತು. ಬರಹದ ಜಾತಿಯನ್ನು ಹೇಳುವುದು ‘ಕ್ಲಾಸ್’. ಯಾವ ಜಾತಿಗಾದರೂ ಹೊಂದಿಕೊಂಡು ಹೆಚ್ಚಿನ ಶಕ್ತಿ ಕೊಡುವುದು ‘ಪ್ಯಾಕೇಜ್’. ಹೆಸರು ಬದಲಾದರೂ ಕಡತದ ಬಾಲದಲ್ಲಿ ಹಳೆಯ ‘ಸ್ಟೈ’ ಎಂಬ ಮೂರಕ್ಷರದ ಗುರುತು ಇಂದಿಗೂ ಉಳಿದಿದೆ. ಊರಿನ ಹೆಸರು ಬದಲಾದ ಮೇಲೂ ಬೆಟ್ಟಕ್ಕೆ ಹಳೆಯ ಹೆಸರು ಉಳಿಯುವುದಿಲ್ಲವೆ, ಹಾಗೆ.

ಈ ಕೊಡಿಗೆಗಳನ್ನೆಲ್ಲ ಒಂದೆಡೆ ಕೂಡಿಡುವ ಭಂಡಾರ ಬೇಕಾಯಿತು. ಸೀಟ್ಯಾನ್ ಎಂಬ ಆ ಭಂಡಾರದ ಕೆಲಸ 1992ರಲ್ಲಿ ತೊಡಗಿ, 1993ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ನಡೆದ ಸಮ್ಮೇಳನದಲ್ಲಿ ಪ್ರಕಟವಾಯಿತು. ಇಂದು ಅಲ್ಲಿ 6,000ಕ್ಕೂ ಹೆಚ್ಚು ಕೊಡಿಗೆಗಳಿವೆ. ಆದರೆ ಭಂಡಾರದಿಂದ ಒಂದೊಂದನ್ನೇ ಹೊತ್ತು ತರುವುದು ಯಾರಿಂದ ಸಾಧ್ಯ? ಆರಿಸಿ, ಒಂದಕ್ಕೊಂದು ಹೊಂದುವಂತೆ ಜೋಡಿಸಿ, ಒಂದೇ ಗಂಟಿನಲ್ಲಿ ಕೊಡುವವರು ಬೇಕು. ಆ ಗಂಟಿಗೆ ಡಿಸ್ಟ್ರಿಬ್ಯೂಷನ್, ಅಂದರೆ ವಿತರಣೆ, ಎಂದು ಹೆಸರು. 1996ರಲ್ಲಿ ಸೆಬಾಸ್ಟಿಯನ್ ರಾಟ್ಜ್ ಅವರ ಸಂಪಾದಕತ್ವದಲ್ಲಿ ಟೆಕ್ ಲೈವ್ ಎಂಬ ವಿತರಣೆ ಹೊರಟಿತು. ವಿಂಡೋಸ್ ಬಳಸುವವರಲ್ಲಿ ಕ್ರಿಶ್ಚಿಯನ್ ಶೆಂಕರ ಮಿಕ್‌ಟೆಕ್ ಹೆಸರಾಯಿತು. ಯಂತ್ರ ಬೇರೆ, ಭಂಡಾರ ಬೇರೆ, ವಿತರಣೆ ಬೇರೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮೊದಲು ಹೇಳಿದ ಒಗಟಿನ ಅರ್ಧ ಬಿಡುತ್ತದೆ.

ಈಗ ಕನ್ನಡಕ್ಕೆ ಬರೋಣ. ನಮ್ಮ ಲಿಪಿಯನ್ನು ಅಚ್ಚಿಗೆ ಇಳಿಸುವುದು ಎಂದೂ ಸುಲಭವಾಗಿರಲಿಲ್ಲ. 1843ರಲ್ಲಿ ಮಂಗಳೂರಿನಲ್ಲಿ ಮೊಗ್ಲಿಂಗರು ಹೊರಡಿಸಿದ ಮೊದಲ ಕನ್ನಡ ಪತ್ರಿಕೆಯನ್ನು ಮೊಳೆಯಿಂದಲ್ಲ, ಕಲ್ಲಚ್ಚಿನಿಂದ ತೆಗೆದರು. ಇಂಗ್ಲಿಷಿನಲ್ಲಿ ಅಕ್ಷರಗಳು ಸಾಲಿನಲ್ಲಿ ನಿಂತ ಶಾಲೆಯ ಮಕ್ಕಳಂತೆ ಒಂದರ ಪಕ್ಕದಲ್ಲೊಂದು. ಕನ್ನಡದಲ್ಲಿ ಒಂದರ ಕೊರಳಿಗೆ ಮತ್ತೊಂದು, ಕಾಲಿಗೆ ಇನ್ನೊಂದು. 34 ವ್ಯಂಜನಗಳಿಗೆ 13 ಸ್ವರಗಳನ್ನು ಹಚ್ಚಿದರೆ ಗುಣಿತಾಕ್ಷರಗಳೇ 442 ಆಗುತ್ತವೆ. ಒತ್ತಕ್ಷರಗಳ ಲೆಕ್ಕ ಅದರ ಆಚೆಗೆ. ನಮ್ಮ ಸೀಮೆಯ ಊರುಗಳನ್ನೇ ನೋಡಿ. ‘ಕೊಪ್ಪ’ದಲ್ಲಿ ಎರಡನೆಯ ಪಕಾರ ಮೊದಲನೆಯದರ ಅಡಿಗೆ ಇಳಿಯಬೇಕು. ‘ತೀರ್ಥಹಳ್ಳಿ’ಯಲ್ಲಿ ಬಾಯಿ ಮೊದಲು ನುಡಿಯುವ ರೇಫವನ್ನು ಕೈ ಥಕಾರದ ನಂತರ ಬರೆಯುತ್ತದೆ. ನುಡಿಯುವ ಕ್ರಮ ಒಂದು, ಬರೆಯುವ ಕ್ರಮ ಇನ್ನೊಂದು. ಇಂಗ್ಲಿಷಿಗಾಗಿ ಹುಟ್ಟಿದ ಯಂತ್ರಕ್ಕೆ ಇದನ್ನು ಕಲಿಸುವವರಾರು?

1991ರಲ್ಲಿ ಡಚ್ಚರ ನಾಡಿನ ಗ್ರೋನಿಂಗೆನ್ನಿನಲ್ಲಿದ್ದ ಫ್ರಾನ್ಸ್ ವೆಲ್ಟ್‌ಹೌಸ್ ಅವರು ದೇವನಾಗರಿಗೆ ಒಂದು ಉಪಾಯ ತೋರಿಸಿದರು. ಬರೆಯುವವನು ರೋಮನ್ ಲಿಪಿಯಲ್ಲಿ, ಉಚ್ಚಾರಣೆಯಂತೆ ಬರೆಯುತ್ತಾನೆ. ಒಂದು ಸಣ್ಣ ತಂತ್ರಾಂಶ ಅದನ್ನು ಮೊದಲು ಓದಿ, ಒತ್ತು ಕೊಂಬುಗಳ ಲೆಕ್ಕ ಹಾಕಿ, ಟೆಕ್ಕಿಗೆ ತಿಳಿಯುವ ಆಜ್ಞೆಗಳಾಗಿ ಮಾರ್ಪಡಿಸುತ್ತದೆ. ಆಮೇಲೆ ಟೆಕ್ ಜೋಡಿಸುತ್ತದೆ. ಇದೇ ಬಗೆಯಲ್ಲಿ ಕನ್ನಡಕ್ಕೂ ಮೆಟಾಫಾಂಟಿನ ಅಕ್ಷರಗಳನ್ನು ಕೊರೆದು, ಮಾರ್ಪಡಿಸುವ ತಂತ್ರಾಂಶವನ್ನು ಬರೆದು 1990ರ ದಶಕದಲ್ಲಿ ಭಂಡಾರಕ್ಕೆ ಕೊಟ್ಟವರು ಜಿ. ಎಸ್. ಜಗದೀಶ್ ಮತ್ತು ವೆಂಕಟೇಶ್ ಗೋಪಿನಾಥ್. ಈ ಹೆಸರುಗಳನ್ನು ನಮ್ಮ ಮುದ್ರಣದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ನೆನೆಯುವುದಿಲ್ಲ. ಯಾರೂ ಕೇಳದೆ, ಯಾರೂ ಹಣ ಕೊಡದೆ ಭಾಷೆಗೆ ಬಂದ ಕೊಡಿಗೆಗಳ ಗತಿ ಬಹುಮಟ್ಟಿಗೆ ಹೀಗೆಯೇ.

ಅದೇ ಕಾಲದಲ್ಲಿ ಕನ್ನಡ ಬೇರೊಂದು ದಾರಿಯಲ್ಲೂ ನಡೆಯಿತು. ಜನಸಾಮಾನ್ಯರು ನಡೆದುದು ಆ ದಾರಿಯಲ್ಲಿಯೇ. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಉಚ್ಚಾರಣೆಯನ್ನನುಸರಿಸುವ ಕೀಲಿಮಣೆಯ ವಿನ್ಯಾಸವನ್ನು ಮಾಡಿ, ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ‘ಸೇಡಿಯಾಪು’ ಎಂಬ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಕನ್ನಡ ಗಣಕ ಪರಿಷತ್ತಿನಿಂದ ‘ನುಡಿ’ ಬಂದಿತು. ಹಂಪಿಯ ಕನ್ನಡ ವಿಶ್ವವಿದ್ಯಾನಿಲಯ ‘ಕುವೆಂಪು ಕನ್ನಡ ತಂತ್ರಾಂಶ’ವನ್ನು ಹೊರತಂದಿತು. ಅದರ ಹಿಂದೆ ನಿಂತು ದುಡಿದವರು 2007ರಲ್ಲಿ ತೀರಿಕೊಂಡ ಪೂರ್ಣಚಂದ್ರ ತೇಜಸ್ವಿಯವರು. ಹಿರೇಕೊಡಿಗೆಯಲ್ಲಿ ಹುಟ್ಟಿದ ಮಗುವಿನ ಹೆಸರು ನೂರು ವರ್ಷದ ಮೇಲೆ, ಮಗನ ಹಟದಿಂದ, ಗಣಕಯಂತ್ರದ ಒಳಹೊಕ್ಕಿತೆಂದರೆ ನಮ್ಮ ಕಡೆಯವರಿಗೆ ಹೆಮ್ಮೆಯಲ್ಲವೆ?

ಇವೆಲ್ಲವೂ ಒಂದು ರೀತಿಯ ಸೇರ್ಪಡೆಗಳೇ. ಪರದೇಶದ ತಂತ್ರಾಂಶದ ಮೇಲೆ ಕನ್ನಡವನ್ನು ಕೂರಿಸುವ ಉಪಾಯಗಳು. ಆ ಕಾಲದಲ್ಲಿ ಬೇರೆ ದಾರಿ ಇರಲಿಲ್ಲವಾಗಿ, ಅವು ರೋಮನ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಇಟ್ಟವು. ಅಕ್ಷರರೂಪದ ಕಡತ, ಅಂದರೆ ಫಾಂಟು, ಜೊತೆಯಲ್ಲಿರುವ ತನಕ ಕಣ್ಣಿಗೆ ಕನ್ನಡ. ಅದು ಇಲ್ಲವಾದ ದಿನ ಬರಿಯ ರೋಮನ್ ಅಕ್ಷರಗಳ ರಾಶಿ. ಇದರ ಬಿಸಿ ನನಗೂ ತಟ್ಟಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಸೀಮೆಯ ಕೆರೆ ಕಾಲುವೆಗಳ ವಿಷಯವಾಗಿ ಹಿರಿಯರೊಬ್ಬರು ಬರೆದು, ಒಂದು ಅಚ್ಚುಮನೆಯಲ್ಲಿ ಜೋಡಿಸಿಟ್ಟಿದ್ದ ಮೂರು ಲೇಖನಗಳ ಕಡತ ನನ್ನ ಕೈಗೆ ಬಂದಿತು. ಬರೆದವರು ತೀರಿಕೊಂಡಿದ್ದರು. ಕಾಗದದ ಪ್ರತಿಯನ್ನು ಮಲೆನಾಡಿನ ಗೆದ್ದಲು ಓದಿ ಮುಗಿಸಿತ್ತು. ಕಡತವನ್ನು ತೆರೆದರೆ ಒಂದು ಕನ್ನಡ ಅಕ್ಷರವೂ ಇಲ್ಲ. ಉತ್ಸಾಹಿಗಳು ಬರೆದಿರುವ ಪರಿವರ್ತಕ ತಂತ್ರಾಂಶಗಳಿಂದ ಎರಡು ಲೇಖನಗಳು, ಅಲ್ಲಲ್ಲಿ ಒತ್ತಕ್ಷರ ಕಳೆದುಕೊಂಡು, ಮರಳಿ ಬಂದುವು. ಮೂರನೆಯದು ಬರಲಿಲ್ಲ. ಒಂದು ಊರಿನ ನೀರಿನ ಲೆಕ್ಕ ಅಷ್ಟರಮಟ್ಟಿಗೆ ಹೋಯಿತು.

ಟೆಕ್ಕಿನ ಹಳೆಯ ಕಡತಗಳ ಸಂಗತಿ ಬೇರೆ. ರೋಮನ್ ಲಿಪಿಯಲ್ಲಿ ಉಚ್ಚಾರಣೆಯಂತೆ ಬರೆದಿರುವುದರಿಂದ, ಮಾರ್ಪಡಿಸುವ ತಂತ್ರಾಂಶ ಸತ್ತುಹೋದರೂ, ಕಣ್ಣಿದ್ದ ಕನ್ನಡಿಗ ಅದನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲ. ಬರಹ ಬೇರೆ, ಅದಕ್ಕೆ ರೂಪ ಕೊಡುವ ಕೊಡಿಗೆ ಬೇರೆಯಾಗಿ ಉಳಿದುದೇ ಇದಕ್ಕೆ ಕಾರಣ. ಜನಪ್ರಿಯವಾದ ದಾರಿಯನ್ನು ಹಳಿಯುವುದಕ್ಕೆ ನಾನು ಈ ಮಾತನ್ನು ಹೇಳುತ್ತಿಲ್ಲ. ಸಾವಿರಾರು ಮಂದಿಯ ಕೈಗೆ ಕನ್ನಡವನ್ನು ಕೊಟ್ಟದ್ದು ಆ ದಾರಿ. ಆದರೆ ಸೇರ್ಪಡೆಯನ್ನು ಬರಹದ ರಕ್ತದೊಳಕ್ಕೆ ಬೆರೆಸಿಬಿಟ್ಟರೆ, ಸೇರ್ಪಡೆ ಸತ್ತಾಗ ಬರಹವೂ ಅದರೊಡನೆ ಸಾಯುತ್ತದೆ ಎಂಬುದು ಮರೆಯಬಾರದ ಪಾಠ.

ಎರಡು ದಾರಿಗಳೂ ಕೂಡಿದುದು ಯೂನಿಕೋಡಿನಲ್ಲಿ. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಮನೆಗಳು ದೊರೆತುವು. ‘ತೀರ್ಥಹಳ್ಳಿ’ ಎಂಬುದು ಅಲ್ಲಿ ನುಡಿಯುವ ಕ್ರಮದಲ್ಲಿಯೇ ಹತ್ತು ಸಂಕೇತಗಳಾಗಿ ನಿಲ್ಲುತ್ತದೆ. ರೇಫವನ್ನು ಹಿಂದಕ್ಕೆ ಒಯ್ಯುವ ಕೆಲಸ ಫಾಂಟಿನದು. ಅಲ್ಲಿಯೂ ಒಂದು ತಮಾಷೆ ನಡೆದಿದೆ. ಹಳಗನ್ನಡದ ೞಕಾರಕ್ಕೆ ಯಾರೋ ‘ಫ’ ಎಂಬ ತಪ್ಪು ಹೆಸರನ್ನು ಇಟ್ಟುಬಿಟ್ಟರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡಿನ ನಿಯಮ. ಆದುದರಿಂದ ತಪ್ಪು ಹೆಸರನ್ನು ಹಾಗೆಯೇ ಬಿಟ್ಟು, ಸರಿಯಾದುದನ್ನು ಉಪನಾಮವಾಗಿ ಪಕ್ಕದಲ್ಲಿ ಸೇರಿಸಿದ್ದಾರೆ. ಹಳಗನ್ನಡದ ನಕಾರಪೊಲ್ಲು ಎಂಬ ಚಿಹ್ನೆಗೆ ಮನೆ ದೊರೆತುದು 2021ರಲ್ಲಿ. ಕದಲದ ಕಾಂಡಕ್ಕೆ ಕಸಿ ಕಟ್ಟುವ ನ್ಯಾಯ ಇಲ್ಲಿಯೂ ಅದೇ.

2004ರಲ್ಲಿ ಜೊನಾಥನ್ ಕ್ಯೂ ಅವರು ಜೀಟೆಕ್ ಎಂಬ ಹೊಸ ಯಂತ್ರವನ್ನು ಹೊರತಂದರು. ಅದು ಯೂನಿಕೋಡನ್ನು ನೇರವಾಗಿ ಓದುತ್ತದೆ, ಗಣಕದಲ್ಲಿರುವ ಫಾಂಟುಗಳನ್ನೇ ಬಳಸುತ್ತದೆ. ವಿಂಡೋಸಿನೊಡನೆ ಬಂದ ಕನ್ನಡ ಫಾಂಟಿನ ಹೆಸರು ‘ತುಂಗಾ’. ಕೊಪ್ಪ ಶೃಂಗೇರಿಗಳ ನಮಗೆ ಅದು ನೆಂಟರ ಹೆಸರು. ಜೀಟೆಕ್ಕಿಗೆ ಜೊತೆಯಾಗಿ 2008ರಲ್ಲಿ ಫ್ರಾನ್ಸ್ವಾ ಶಾರೆತ್ ಅವರ ಪಾಲಿಗ್ಲೋಸಿಯಾ ಎಂಬ ಕೊಡಿಗೆ ಬಂದಿತು. ಭಾಷೆಗೊಂದರಂತೆ ಅದರಲ್ಲಿ ಸಣ್ಣ ಕಡತಗಳಿವೆ, ಈಗ ಕನ್ನಡದ್ದೂ ಒಂದು. ಕನ್ನಡದ ಪದಗಳು ಸಾಲಿನ ಕೊನೆಯಲ್ಲಿ ಎಲ್ಲಿ ಒಡೆಯಬಹುದೆಂಬ ಸೂತ್ರಗಳನ್ನು ಬರೆದುಕೊಟ್ಟವರು ಮಲಯಾಳದ ಸಂತೋಷ್ ತೊಟ್ಟಿಂಗಲ್. ಅಕ್ಷರ ಅಕ್ಷರಗಳ ನಡುವೆ ಒಡೆಯಬಹುದು, ಆದರೆ ಒತ್ತನ್ನು ಅದರ ಅಕ್ಷರದಿಂದ ಅಗಲಿಸಕೂಡದು. ಇದೇ ಅವುಗಳ ಸಾರ. ಈ ಪುಟ್ಟ ಕಡತ ಇಲ್ಲದಿದ್ದರೆ ನಮ್ಮ ಉದ್ದುದ್ದ ಸಮಾಸಪದಗಳು ಸಾಲನ್ನು ಮೀರಿ ಅಂಚಿಗೆ ನುಗ್ಗುತ್ತವೆ. ನೆರೆಯವನು ಕೊಟ್ಟ ಕೊಡಿಗೆಯಿಂದ ನಮ್ಮ ಮನೆಯ ಸಾಲು ನೇರವಾಗಿದೆ.

ಈಗ ಒಗಟಿನ ಉಳಿದರ್ಧ. ಟೆಕ್ ಲೈವ್ ವಿತರಣೆಯನ್ನು ಪೂರ್ತಿ ಇಳಿಸಿಕೊಂಡರೆ ಹಲವು ಗಿಗಾಬೈಟು ಆಗುತ್ತದೆಯಾದುದರಿಂದ, ಅದನ್ನು ಸಂಗ್ರಹಗಳಾಗಿ ಹಂಚಿದ್ದಾರೆ. ಜರ್ಮನ್ ಭಾಷೆಗೆ ಒಂದು ಪೆಟ್ಟಿಗೆ, ಫ್ರೆಂಚಿಗೆ ಒಂದು. ಹಿಂದೆ ಭಾರತೀಯ ಭಾಷೆಗಳಿಗೆ ಪ್ರತ್ಯೇಕವಾದ ಪೆಟ್ಟಿಗೆಯಿತ್ತು; ಈಗ ಅವು ‘ಇತರ ಭಾಷೆಗಳು’ ಎಂಬ ಪೆಟ್ಟಿಗೆಯಲ್ಲಿವೆ. ಚಿಕ್ಕ ವಿತರಣೆಯನ್ನು ಹಾಕಿಕೊಂಡವನ ಯಂತ್ರದಲ್ಲಿ ಕನ್ನಡ ಕೆಡುವುದು ಯಂತ್ರದ ದೋಷದಿಂದಲ್ಲ, ಆ ಪೆಟ್ಟಿಗೆ ಬಾರದೆ ಇದ್ದುದರಿಂದ. ಆದುದರಿಂದ ಯಂತ್ರ ಹಟ ಹಿಡಿದಾಗ ನಾಲ್ಕು ಪ್ರಶ್ನೆಗಳನ್ನು ಈ ಕ್ರಮದಲ್ಲಿ ಕೇಳಿಕೊಳ್ಳಬೇಕು. ಈ ಯಂತ್ರ ಯೂನಿಕೋಡನ್ನು ಓದಬಲ್ಲುದೆ? ಬೇಕಾದ ಕೊಡಿಗೆ ನನ್ನ ವಿತರಣೆಯಲ್ಲಿದೆಯೆ, ಅಥವಾ ಭಂಡಾರದಲ್ಲಿ ಮಾತ್ರ ಇದೆಯೆ? ಅದು ನೆಚ್ಚಿರುವ ಇತರ ಕೊಡಿಗೆಗಳು ಬಂದಿವೆಯೆ? ಕನ್ನಡದ ಫಾಂಟೂ ಪದ ಒಡೆಯುವ ಸೂತ್ರಗಳೂ ಇವೆಯೆ? ಮಿಕ್‌ಟೆಕ್ ಇಲ್ಲದ ಕೊಡಿಗೆಯನ್ನು ತಾನೇ ತರಿಸಿಕೊಳ್ಳಬಲ್ಲುದು. ಟೆಕ್ ಲೈವಿನಲ್ಲಿ 2008ರಿಂದ ಅದಕ್ಕೊಬ್ಬ ಮೇಸ್ತ್ರಿ ಇದ್ದಾನೆ, ಹೇಳಿದರೆ ತರುತ್ತಾನೆ.

ಇಷ್ಟು ತಿಳಿದರೆ ಕೆಲಸ ನಡೆಯುತ್ತದೆ. ಆದರೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದುದು ಇನ್ನೊಂದು ಸಂಗತಿ. ಈ ಕೊಡಿಗೆಗಳಲ್ಲಿ ಅನೇಕವು ಹೊತ್ತು ಬರುವ ಲಾಟೆಕ್ ಪರವಾನಗಿಯ ಪತ್ರದಲ್ಲಿ ‘ಪಾಲಕ’ ಎಂಬೊಬ್ಬನಿಗೆ ಸ್ಥಾನವಿದೆ. ಕೊಡಿಗೆಗೆ ಈಗ ಪಾಲಕನಿದ್ದಾನೆಯೆ, ಇಲ್ಲವೆ ಎಂದು ಹೇಳುವುದಕ್ಕೆ ಅಲ್ಲಿ ಕ್ರಮವಿದೆ. ಪಾಲಕ ಎಲ್ಲಿಯೂ ಸಿಕ್ಕದಿದ್ದರೆ, ಹೊಣೆ ಹೊರಲು ಸಿದ್ಧನಾದವನು ಬಳಕೆದಾರರ ನಡುವೆ ಅದನ್ನು ಸಾರಬೇಕು. ಮೂರು ತಿಂಗಳು ಕಾಯಬೇಕು. ಯಾರೂ ಆಕ್ಷೇಪಿಸದಿದ್ದರೆ ಅವನೇ ಹೊಸ ಪಾಲಕ. ಡಂಗುರ ಹೊಡೆಸಿ, ಗಡುವು ಕೊಟ್ಟು, ಹೊಣೆಯನ್ನು ಒಪ್ಪಿಸುವ ಈ ಪದ್ಧತಿಯನ್ನು ಓದಿದಾಗ ನನಗೆ ಕೆರೆಕೊಡಗೆಯ ಶಾಸನಗಳೇ ನೆನಪಾದುವು. ಕೆರೆ ಕಟ್ಟಿಸುವುದು ಒಂದು ದಿನದ ಕೀರ್ತಿ; ವರ್ಷವರ್ಷವೂ ಹೂಳೆತ್ತುವುದು ತಲೆಮಾರುಗಳ ಕೆಲಸ. ಅದನ್ನು ಬಲ್ಲ ನಮ್ಮ ಹಿರಿಯರು ಭೂಮಿಯನ್ನು ಹೂಳೆತ್ತುವ ಕೆಲಸಕ್ಕೂ ಬಿಟ್ಟರು.

ಕನ್ನಡಕ್ಕೆ ಒದಗಿದ ಕೊಡಿಗೆಗಳಲ್ಲಿ ಬಿತ್ತಿದವರ ಹೆಸರುಗಳು ಉಂಟು. ಹೂಳೆತ್ತುವವರ ಪಟ್ಟಿ ಬಹಳ ಚಿಕ್ಕದು. ಸರ್ಕಾರದ ಹಣ, ವಿಶ್ವವಿದ್ಯಾನಿಲಯದ ಉತ್ಸಾಹ, ಒಬ್ಬ ಸಾಹಿತಿಯ ಹಟ, ಇವು ಯಾವುವೂ ಹಗುರವಾದುವಲ್ಲ. ಆದರೂ ಹೊಸ ತಂತ್ರಾಂಶದ ಬಿಡುಗಡೆಯ ದಿನ ಸೇರುವ ಜನ, ಹಳೆಯದರ ದುರಸ್ತಿಯ ದಿನ ಸೇರುವುದಿಲ್ಲ. ಗಣಿತವನ್ನೂ ವಿಜ್ಞಾನವನ್ನೂ ಕನ್ನಡದಲ್ಲಿ ಅಂದವಾಗಿ ಅಚ್ಚುಮಾಡಬೇಕೆಂಬ ಆಸೆಯಿರುವ ತರುಣ ತರುಣಿಯರು ನಮ್ಮಲ್ಲಿ ಈಗ ಬೇಕಾದಷ್ಟಿದ್ದಾರೆ. ಅವರು ಹೊಸ ಯಂತ್ರವನ್ನೇ ಹುಟ್ಟಿಸಬೇಕಾಗಿಲ್ಲ. ಕನ್ನಡದ ಒಂದು ಪುಟ್ಟ ಕಡತವನ್ನು ಆರಿಸಿಕೊಂಡು, ಅದರ ಒತ್ತು ದೀರ್ಘಗಳನ್ನು ಪರೀಕ್ಷಿಸಿ, ತಪ್ಪಿದ್ದಲ್ಲಿ ತಿದ್ದುಪಡಿ ಕಳುಹಿಸಿ, ಪಾಲಕನಿಲ್ಲದಿದ್ದರೆ ಮೂರು ತಿಂಗಳು ಕಾದು ಹೊಣೆಯನ್ನು ಹೊತ್ತುಕೊಂಡರೆ ಸಾಕು. ಭೂಮಿ ಬಿಟ್ಟುಕೊಡುವ ಶಕ್ತಿ ಎಲ್ಲರಿಗೂ ಇಲ್ಲ. ವರ್ಷಕ್ಕೆ ನಾಲ್ಕು ಸಂಜೆ ಬಿಟ್ಟುಕೊಡುವ ಶಕ್ತಿ ಅನೇಕರಿಗಿದೆ. ಅದೂ ಒಂದು ಕೊಡಿಗೆಯೇ.